ಜೊತೆಗೆ ಯಾರು, ಮನೆಯಲ್ಲಿ ಯಾರು

ಹೆಂಗಸೊಬ್ಬಳು ಪ್ರಯಾಣಕ್ಕೆ ಹೊರಟಳೆಂದರೆ ಎರಡು ಪ್ರಶ್ನೆಗಳು ಅವಳಿಗೆ ತಪ್ಪಿದ್ದಲ್ಲ. ಒಂದು, "ಜೊತೆಗೆ ಯಾರು?" ಇನ್ನೊಂದು, "ಮನೆಯಲ್ಲಿ ಯಾರು?" ಮೊದಲನೆಯದನ್ನು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಗುರುತಿಲ್ಲದವರೂ ಕೇಳಿಬಿಡುತ್ತಾರೆ. ಎರಡನೆಯದನ್ನು ಹತ್ತಿರದವರು ಕೇಳುತ್ತಾರೆ. ಅವರು ಮರೆತರೆ ನಾವೇ ಕೇಳಿಕೊಳ್ಳುತ್ತೇವೆ. ಹಾಲಿನವನಿಗೆ ಹೇಳಿದೆನೇ, ದೋಸೆಹಿಟ್ಟು ಎರಡು ದಿನಕ್ಕೆ ಸಾಕಾದೀತೇ, ಅತ್ತೆಯವರ ಬಿ.ಪಿ. ಮಾತ್ರೆ ಯಾವ ಡಬ್ಬಿಯಲ್ಲಿದೆಯೆಂದು ತೋರಿಸಿದೆನೇ ಎಂದು ರೈಲು ನಾಲ್ಕು ಸ್ಟೇಷನ್ ದಾಟುವವರೆಗೂ ನಮ್ಮ ಅರ್ಧ ಜೀವ ಅಡುಗೆಮನೆಯಲ್ಲೇ ಇರುತ್ತದೆ. ಗಂಡಸರು ಟೂರು ಹೊರಟಾಗ "ಮನೆಯಲ್ಲಿ ಯಾರು?" ಎಂದು ಯಾರಾದರೂ ವಿಚಾರಿಸಿದ್ದನ್ನು ನಾನಂತೂ ಕಂಡಿಲ್ಲ.

ಈ ಎರಡು ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟುಕೊಂಡು ಹಳೆಯ ಪ್ರವಾಸಗಳ ಕಥೆ ಓದುವುದು ನನಗೊಂದು ಅಭ್ಯಾಸವಾಗಿಬಿಟ್ಟಿದೆ. ಎಷ್ಟು ಮೈಲಿ ಹೋದರು, ಏನೇನು ನೋಡಿದರು ಎನ್ನುವುದನ್ನು ಪುಸ್ತಕಗಳು ತಾವಾಗಿಯೇ ಹೇಳುತ್ತವೆ. ಈ ಎರಡನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು. ಹಾಗೆ ಹುಡುಕುತ್ತಾ ಹೋದಾಗ ಮನಸ್ಸಿಗೆ ಬಂದು ಕೂತು ಮತ್ತೆ ಏಳದೇ ಹೋದವಳು ಫ್ಯಾನಿ ಬುಲಕ್ ವರ್ಕ್‌ಮನ್.

ಫ್ಯಾನಿ ಹುಟ್ಟಿದ್ದು 1859ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ತಂದೆ ಆ ರಾಜ್ಯದ ಗವರ್ನರ್ ಆಗಿದ್ದವರು. ದುಡ್ಡಿಗೆ ಬರವಿಲ್ಲದ ಮನೆ. 1882ರಲ್ಲಿ ತನಗಿಂತ ಹನ್ನೆರಡು ವರ್ಷ ದೊಡ್ಡವನಾದ ಡಾಕ್ಟರ್ ವಿಲಿಯಂ ಹಂಟರ್ ವರ್ಕ್‌ಮನ್‌ನನ್ನು ಮದುವೆಯಾದಳು. ಕೆಲವೇ ವರ್ಷಗಳಲ್ಲಿ ಆತ ಆರೋಗ್ಯ ಸರಿಯಿಲ್ಲವೆಂದು ವೃತ್ತಿ ಬಿಟ್ಟ, ಸಂಸಾರ ಜರ್ಮನಿಗೆ ಹೋಯಿತು. ಆರೋಗ್ಯ ಸರಿಯಿಲ್ಲದ ಈ ಮನುಷ್ಯ ಆಮೇಲೆ ಹೆಂಡತಿಯ ಜೊತೆ ಮೂರು ಖಂಡಗಳಲ್ಲಿ ಸೈಕಲ್ ತುಳಿದು, ಹಿಮಾಲಯ ಹತ್ತಿ, ತೊಂಬತ್ತು ವರ್ಷ ಬದುಕಿದ! ಕೆಲವರಿಗೆ ಕೂತರೇ ಕಾಯಿಲೆ ಎಂದು ನಮ್ಮ ಹಿರಿಯರು ಹೇಳುವುದು ಸುಳ್ಳಲ್ಲ.

ಸೈಕಲ್ ಆಗ ಹೊಸ ಸಾಮಾನು. ಮುಂದೊಂದು ಆಳೆತ್ತರದ ಚಕ್ರ, ಹಿಂದೊಂದು ಗೇಣಿನ ಚಕ್ರ ಇದ್ದ ಹಳೆಯ ಗಾಡಿ ಹೋಗಿ, ಎರಡೂ ಚಕ್ರ ಸಮನಾಗಿರುವ ಇಂದಿನ ರೂಪ ಬಂದದ್ದು 1885ರಲ್ಲಿ. ಗಾಳಿ ತುಂಬಿದ ಟೈರನ್ನು ಡನ್‌ಲಪ್ ತಂದದ್ದು 1888ರಲ್ಲಿ. ನಡುವಿನ ಕಂಬಿಯನ್ನು ಕೆಳಕ್ಕೆ ಬಗ್ಗಿಸಿದ್ದೇ ತಡ, ಉದ್ದ ಲಂಗದ ಹೆಂಗಸರು ಸೈಕಲ್ ಏರಿದರು. ವೈದ್ಯರು ಕಳವಳಗೊಂಡರು. ಸೈಕಲ್ ತುಳಿಯುವ ಹೆಂಗಸರ ಕಣ್ಣು ಹೊರಗೆ ಬಂದು, ದವಡೆ ಬಿಗಿದು, ಮುಖ ಶಾಶ್ವತವಾಗಿ ಕೆಡುತ್ತದೆ ಎಂದು 1890ರ ದಶಕದ ಪತ್ರಿಕೆಗಳು ಎಚ್ಚರಿಸಿದವು. ಅದಕ್ಕೆ 'ಬೈಸಿಕಲ್ ಮುಖ' ಎಂದು ಹೆಸರು ಬೇರೆ! ಹೆಂಗಸು ಹೊಸದೇನಾದರೂ ಕಲಿಯಲು ಹೊರಟಾಗ ಮೊದಲು ಕೆಡುವುದು ಅವಳ ಮುಖವೇ ಏಕೋ.

ಗಂಡನ ಜೊತೆ ಚಕ್ರದ ಮೇಲೆ ದೇಶ ನೋಡಲು ಹೊರಟವರಲ್ಲಿ ಫ್ಯಾನಿಯೇ ಮೊದಲಿಗಳೇನಲ್ಲ. ಫಿಲಡೆಲ್ಫಿಯಾದ ಎಲಿಜಬೆತ್ ರಾಬಿನ್ಸ್ ಪೆನೆಲ್ ಮತ್ತು ಚಿತ್ರಕಾರ ಜೋಸೆಫ್ ಪೆನೆಲ್ 1884ರಲ್ಲೇ ಇಬ್ಬರೂ ಕೂತು ತುಳಿಯುವ ಮೂರು ಚಕ್ರದ ಗಾಡಿಯಲ್ಲಿ ಇಟಲಿಯ ಫ್ಲಾರೆನ್ಸಿನಿಂದ ರೋಮಿಗೆ ಹೋಗಿದ್ದರು. ಆಕೆ ಬರೆಯುವುದು, ಆತ ಚಿತ್ರ ಬಿಡಿಸುವುದು. ಮುಂದೆ ಎಲಿಜಬೆತ್ ಆಲ್ಪ್ಸ್ ಪರ್ವತದ ಕಣಿವೆದಾರಿಗಳನ್ನು ಸೈಕಲ್ಲಿನಲ್ಲಿ ದಾಟಿ 1898ರಲ್ಲಿ ಅದರ ಪುಸ್ತಕವನ್ನೂ ತಂದಳು. ಆದರೆ ಅವೆಲ್ಲ ಯುರೋಪಿನ ರಜೆಗಳು. ಸಂಜೆಗೊಂದು ಹೋಟೆಲು, ಹೋಟೆಲಿನಲ್ಲೊಂದು ಹಾಸಿಗೆ ಇದ್ದೇ ಇರುತ್ತಿತ್ತು.

ವರ್ಕ್‌ಮನ್ ದಂಪತಿ 1895ರಲ್ಲಿ ಅಲ್ಜೀರಿಯಾ, ಸ್ಪೇನ್ ಸುತ್ತಿದರು. ಸ್ಪೇನಿನಲ್ಲೇ 2,800 ಮೈಲಿ. ದಿನಕ್ಕೆ ಸರಾಸರಿ 45 ಮೈಲಿ, ಹುಮ್ಮಸ್ಸು ಬಂದ ದಿನ ಎಂಬತ್ತು. 1897ರಲ್ಲಿ ಏಷ್ಯಾಕ್ಕೆ ಬಂದಾಗ ಫ್ಯಾನಿಗೆ 38 ವರ್ಷ, ವಿಲಿಯಂಗೆ ಐವತ್ತು. ಮುಂದಿನ ಎರಡು ವರ್ಷಗಳಲ್ಲಿ ಇಂಡಿಯಾ, ಸಿಲೋನ್, ಬರ್ಮಾ, ಜಾವಾ, ಇಂಡೋಚೀನಾ ಎಲ್ಲ ಸೇರಿ ಹದಿನಾಲ್ಕು ಸಾವಿರ ಮೈಲಿ, ಎಂದರೆ ಇಪ್ಪತ್ತೆರಡು ಸಾವಿರದ ಐನೂರು ಕಿಲೋಮೀಟರ್. ನಮ್ಮ ದೇಶದ ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ ಅವರು ಹೋದರು.

ಇದು ಅವರಿಗೆ ಸಾಧ್ಯವಾದದ್ದು ರೈಲಿನಿಂದ. 1900ರ ಹೊತ್ತಿಗೆ ಈ ದೇಶದಲ್ಲಿ ಸುಮಾರು ನಲವತ್ತು ಸಾವಿರ ಕಿಲೋಮೀಟರ್ ರೈಲುಹಾದಿ ಇತ್ತು. ದಂಪತಿ ಆರಿಸಿಕೊಂಡದ್ದು ಆದಷ್ಟು ಹಳಿಗೆ ಹತ್ತಿರವಾದ ದೊಡ್ಡ ರಸ್ತೆಗಳನ್ನು. ಸೈಕಲ್ಲಿನ ಮೇಲೆ ಎಷ್ಟೆಂದು ಹೇರಲು ಆದೀತು? ಚಹಾ, ಸಕ್ಕರೆ, ಬಿಸ್ಕತ್ತು, ಚೀಸ್, ಡಬ್ಬಿಯಲ್ಲಿ ತುಂಬಿದ ಮಾಂಸ, ಕುಡಿಯುವ ನೀರು, ದಿಂಬು, ತಲೆಗೊಂದು ಕಂಬಳಿ, ಬರೆಯುವ ಸಾಮಗ್ರಿ, ಔಷಧಿ, ಪಂಕ್ಚರ್ ಹಾಕುವ ಸಲಕರಣೆ, ಇಷ್ಟೇ. ಉಳಿದದ್ದಕ್ಕೆಲ್ಲ ರೈಲು ಸ್ಟೇಷನ್ನು. ಮಲಗಲು ಬೇರೆ ಎಲ್ಲೂ ಜಾಗ ಸಿಗದಿದ್ದರೆ ವೇಟಿಂಗ್ ರೂಮೇ ಗತಿ. ನಮ್ಮ ಕಡೆಯ ಹಳೆಯ ಸ್ಟೇಷನ್ನುಗಳಲ್ಲಿ ಉದ್ದ ಕೈಯಿನ ಬೆತ್ತದ ಆರಾಮಕುರ್ಚಿ, ಮೂಲೆಯಲ್ಲಿ ಸೋರುವ ನಲ್ಲಿ ಇರುವ ಲೇಡೀಸ್ ವೇಟಿಂಗ್ ರೂಮು ನೋಡಿದವರಿಗೆ ಅದು ಎಂಥ ರಾತ್ರಿ ಎಂದು ಹೇಳಬೇಕಾಗಿಲ್ಲ. ಎಷ್ಟೋ ಕಡೆ ಸೊಳ್ಳೆಗಳ ಹಿಂಡು, ಓಡಾಡುವ ಇಲಿಗಳ ನಡುವೆ ನಿದ್ದೆ.

ಇನ್ನು ಪಂಕ್ಚರ್. ಕೆಲವು ದಿನ ನಲವತ್ತು ಪಂಕ್ಚರ್ ಹಾಕಿಕೊಂಡಿದ್ದುಂಟು! ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಬರುವ ಜಾಗ ಹುಡುಕಿ, ಉಜ್ಜಿ, ಸೊಲ್ಯೂಷನ್ ಬಳಿದು, ಪ್ಯಾಚ್ ಅಂಟಿಸಿ, ಒಣಗುವವರೆಗೆ ಕಾದು, ಮತ್ತೆ ಪಂಪು ಹೊಡೆಯುವ ಕೆಲಸ ಒಮ್ಮೆ ಮಾಡಿದರೇ ನಮಗೆ ಸೊಂಟ ಬೀಳುತ್ತದೆ. ಗವರ್ನರ ಮಗಳು ತಲೆಗೆ ಸೋಲಾ ಟೋಪಿ ಇಟ್ಟು, ಉದ್ದ ಲಂಗ ಮಡಚಿಕೊಂಡು ಈ ಸಂಭ್ರಮವನ್ನು ದಿನವಿಡೀ ನಡೆಸಿದಳು.

ನಾನು ಸೈಕಲ್ ಕಲಿತದ್ದು ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಅಂಗಡಿಯ ಕೆಂಪು ಸೈಕಲ್ಲಿನಲ್ಲಿ, ಬೇಸಿಗೆ ರಜೆಯಲ್ಲಿ. ಸೀಟು ಎಟುಕದ ವಯಸ್ಸು, ಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್. ತಮ್ಮ ಹಿಂದೆ ಹಿಡಿದುಕೊಂಡು ಓಡುತ್ತಿದ್ದ. ಎರಡು ರಜೆ ಕಳೆದವು. ಮೂರನೆಯ ರಜೆಯಲ್ಲಿ ನಾನು ದೊಡ್ಡವಳಾಗಿದ್ದೆ. ಯಾರೂ ಬೈಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಂಗಡಿಗೆ ಕೊಡುವ ಚಿಲ್ಲರೆ ಮಾತ್ರ ತಮ್ಮನೊಬ್ಬನ ಕೈಗೆ ಹೋಗತೊಡಗಿತು. ಅಲ್ಲಿಗೆ ನನ್ನ ಸೈಕಲ್ ಸವಾರಿ ಮುಗಿಯಿತು. ಆದ್ದರಿಂದ ಫ್ಯಾನಿಯ ಹದಿನಾಲ್ಕು ಸಾವಿರ ಮೈಲಿಯನ್ನು ನಾನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಓದುತ್ತೇನೆ.

ಹೊಟ್ಟೆಕಿಚ್ಚಿನ ಜೊತೆ ಒಂದಿಷ್ಟು ಸಿಟ್ಟೂ ಇದೆ. ಅವರು ಸೈಕಲ್ ತುಳಿದ ಆ ವರ್ಷಗಳು ನಮ್ಮ ದೇಶಕ್ಕೆ ಒಳ್ಳೆಯವಲ್ಲ. ಹಿಂದೊಂದು ಬರ, ಮುಂದೊಂದು ಬರ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನೂ ಹಿಡಿಯಿತು; ಮಲ್ಲೇಶ್ವರ, ಬಸವನಗುಡಿ ಬೆಳೆದದ್ದೇ ಆ ಮಾರಿಯ ದೆಸೆಯಿಂದ. ಗಂಡಹೆಂಡತಿ ಬರೆದು 1904ರಲ್ಲಿ ಪ್ರಕಟಿಸಿದ 'ಥ್ರೂ ಟೌನ್ ಅಂಡ್ ಜಂಗಲ್' ಪುಸ್ತಕದ ಉಪಶೀರ್ಷಿಕೆಯಲ್ಲಿ ಇಂಡಿಯಾದ ದೇಗುಲಗಳೂ ಇದ್ದಾವೆ, ಜನರೂ ಇದ್ದಾರೆ. ಒಳಗೆ ಮಾತ್ರ ದೇಗುಲಗಳದ್ದೇ ಕಾರುಬಾರು. ಕಲ್ಲಿನ ಕೆತ್ತನೆಗೆ ಕೊಟ್ಟ ತಾಳ್ಮೆಯನ್ನು ಆ ಕಲ್ಲಿನ ಪಕ್ಕ ಕೂತ ಮನುಷ್ಯರಿಗೆ ಅವರು ಕೊಡಲಿಲ್ಲ. ಮುಂದೆ ಪರ್ವತದಲ್ಲಿ ತಮ್ಮ ಸಾಮಾನು ಹೊತ್ತ ಕೂಲಿಗಳ ಬಗ್ಗೆಯೂ ಅದೇ ಅಸಹನೆ. ಹೆಣ್ಣು ಎಂಬ ಕಾರಣಕ್ಕೆ ತನ್ನನ್ನು ಕೀಳಾಗಿ ಕಾಣುವವರ ಮೇಲೆ ಕೆಂಡ ಕಾರುತ್ತಿದ್ದವಳಿಗೆ ಹೊರೆ ಹೊತ್ತವನ ಕಷ್ಟ ಕಾಣದೇ ಹೋಯಿತಲ್ಲ ಎಂದು ನನಗೆ ಬೇಸರ.

1898ರ ಬೇಸಿಗೆ ಬಂತು. ಬಯಲುಸೀಮೆಯ ಬಿಸಿಲಿನಲ್ಲಿ ಸೈಕಲ್ ತುಳಿಯುವುದು ಯಾರಿಂದಲೂ ಆಗದ ಮಾತು. ತಂಪು ಹುಡುಕಿಕೊಂಡು ಉತ್ತರಕ್ಕೆ ಹೋದ ದಂಪತಿ ಸೈಕಲ್ ಬಿಟ್ಟು, ಕಾಶ್ಮೀರ ಲಡಾಖಿನ ನಡುವಿನ ಹದಿನಾಲ್ಕರಿಂದ ಹದಿನೆಂಟು ಸಾವಿರ ಅಡಿಯ ಕಣಿವೆದಾರಿಗಳನ್ನು ಕಾಲ್ನಡಿಗೆಯಲ್ಲಿ ದಾಟಿದರು. ಸೆಕೆ ತಪ್ಪಿಸಿಕೊಳ್ಳಲು ಮಾಡಿದ ಈ ಪ್ರವಾಸ ಅವರ ಬದುಕನ್ನೇ ತಿರುಗಿಸಿತು. ಅಲ್ಲಿಂದ ಹದಿನಾಲ್ಕು ವರ್ಷಗಳಲ್ಲಿ ಎಂಟು ಸಲ ಹಿಮಾಲಯಕ್ಕೆ ಬಂದರು. 1906ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ ಫ್ಯಾನಿ ಪಿನಕಲ್ ಪೀಕ್ ಎಂಬ ಶಿಖರದಲ್ಲಿ 6,930 ಮೀಟರ್ ಎತ್ತರ ಮುಟ್ಟಿದಳು. ಹೆಂಗಸರಲ್ಲಿ ಆ ದಾಖಲೆ 1934ರವರೆಗೆ ಉಳಿಯಿತು. ನಡುವೆ ಆನಿ ಪೆಕ್ ಎಂಬ ಇನ್ನೊಬ್ಬ ಅಮೆರಿಕನ್ ಹೆಂಗಸು ಪೆರುವಿನ ಶಿಖರ ಹತ್ತಿ ತಾನೇ ಹೆಚ್ಚು ಎತ್ತರ ಹೋದೆನೆಂದಾಗ, ಫ್ಯಾನಿ ಹದಿಮೂರು ಸಾವಿರ ಡಾಲರ್ ಖರ್ಚು ಮಾಡಿ ಫ್ರೆಂಚ್ ಎಂಜಿನಿಯರುಗಳನ್ನು ಕಳಿಸಿ ಆ ಪರ್ವತವನ್ನು ಅಳೆಸಿದಳು! ಅದು ಗಿಡ್ಡವೆಂದು ಸಾಬೀತಾಯಿತು.

"ಜೊತೆಗೆ ಯಾರು?" ಎಂಬ ಪ್ರಶ್ನೆಗೆ ಫ್ಯಾನಿಯ ಉತ್ತರ ಚೆನ್ನಾಗಿದೆ. ಜೊತೆಗೆ ಗಂಡನಿದ್ದ, ಆದರೆ ಅವನ ಹಿಂದೆ ಅವಳಿರಲಿಲ್ಲ. ಪರ್ವತ ಯಾತ್ರೆಗಳಲ್ಲಿ ಒಂದು ವರ್ಷ ಆಕೆ ನಾಯಕಿ, ಆತ ವ್ಯವಸ್ಥೆ ನೋಡುವವನು, ಮರುವರ್ಷ ಅದಲುಬದಲು. 1912ರ ಸಿಯಾಚಿನ್ ಹಿಮನದಿಯ ಯಾತ್ರೆ ಅವಳ ನಾಯಕತ್ವದ್ದು. ಅಲ್ಲಿ, ಸುಮಾರು ಇಪ್ಪತ್ತೊಂದು ಸಾವಿರ ಅಡಿಯ ಮೇಲೆ, ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದ ಪತ್ರಿಕೆಯನ್ನು ಬಿಡಿಸಿ ಹಿಡಿದು ಫೋಟೋ ತೆಗೆಸಿಕೊಂಡಳು. ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ಆ ಹಕ್ಕು ಸಿಕ್ಕಿದ್ದು ಇನ್ನೂ ಎಂಟು ವರ್ಷದ ಮೇಲೆ. ಮನೆಯಲ್ಲಿ ಕಾಫಿ ಮಾಡುವ ಸರದಿಯನ್ನೇ ಅದಲುಬದಲು ಮಾಡಿಕೊಳ್ಳಲು ಬಾರದ ಎಷ್ಟೋ ಸಂಸಾರಗಳ ನಡುವೆ, ಹಿಮಾಲಯವನ್ನು ಸರದಿಯ ಮೇಲೆ ಹಂಚಿಕೊಂಡ ಈ ಜೋಡಿಯನ್ನು ಮೆಚ್ಚದೆ ಇರಲಾರೆ.

ಎರಡನೆಯ ಪ್ರಶ್ನೆ ಬಂದಾಗ ಮಾತು ತಡವರಿಸುತ್ತದೆ. ಮನೆಯಲ್ಲಿ ಮಗಳಿದ್ದಳು. ಹೆಸರು ರೇಚಲ್. ಅಪ್ಪಅಮ್ಮ ಇಂಡಿಯಾದ ರಸ್ತೆಗೆ ಇಳಿದಾಗ ಅವಳಿಗೆ ಹದಿಮೂರು ವರ್ಷ. ಅವಳು ಬೆಳೆದದ್ದು ದಾದಿಯರ ಕೈಯಲ್ಲಿ, ಬೋರ್ಡಿಂಗ್ ಸ್ಕೂಲುಗಳಲ್ಲಿ. ಅವಳ ಬೆನ್ನಿಗೆ ಹುಟ್ಟಿದ ತಮ್ಮ ಸೀಗ್‌ಫ್ರೀಡ್ ಪುಟ್ಟ ಹುಡುಗನಾಗಿರುವಾಗಲೇ 1893ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಉದ್ದುದ್ದ ಸೈಕಲ್ ಯಾತ್ರೆಗಳೆಲ್ಲ ಅದರ ನಂತರದವು. 1899ರಲ್ಲಿ ಕಾರಕೋರಂನಲ್ಲಿ ಯಾರೂ ಹತ್ತದಿದ್ದ ಸುಮಾರು 18,600 ಅಡಿಯ ಒಂದು ಶಿಖರ ಹತ್ತಿದಾಗ ಅದಕ್ಕೆ ಅವರು ಇಟ್ಟ ಹೆಸರು ಸೀಗ್‌ಫ್ರೀಡ್‌ಹಾರ್ನ್. ದುಃಖದಲ್ಲಿ ಕೆಲವರು ಮನೆಯೊಳಗೆ ಸೇರಿಕೊಳ್ಳುತ್ತಾರೆ, ಕೆಲವರಿಗೆ ಆ ಮನೆಯೊಳಗೆ ಕಾಲಿಡಲೇ ಆಗುವುದಿಲ್ಲ. ಫ್ಯಾನಿ ಎರಡನೆಯ ಜಾತಿಯವಳಿರಬೇಕೆಂದು ನನ್ನ ಊಹೆ. ಆದರೂ ಬದುಕಿದ್ದ ಮಗುವಿನ ಗತಿಯೇನು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಅದಕ್ಕಾಗಿ ಫ್ಯಾನಿಯನ್ನು 'ಎಂಥ ತಾಯಿ' ಎಂದವರಿದ್ದಾರೆ. ಸರಿ. ವಿಲಿಯಂನನ್ನು 'ಎಂಥ ತಂದೆ' ಎಂದು ಯಾರಾದರೂ ಕೇಳಿದ್ದನ್ನು ನಾನು ಓದಿಲ್ಲ. ಬಿಟ್ಟು ಹೋದದ್ದು ಇಬ್ಬರೂ ತಾನೇ?

ರೇಚಲ್ ಭೂವಿಜ್ಞಾನ ಓದಿದಳು. 1911ರಲ್ಲಿ ಅವಳ ಮದುವೆ. ಆ ವರ್ಷದ ಮತ್ತು ಮರುವರ್ಷದ ಬೇಸಿಗೆಗಳನ್ನು ಅಪ್ಪಅಮ್ಮ ಕಾರಕೋರಂನಲ್ಲಿ ಕಳೆದರು. ಗಂಡ ಅಲೆಕ್ಸಾಂಡರ್ ಮ್ಯಾಕ್‌ರಾಬರ್ಟ್, ನಮ್ಮ ಕಾನ್ಪುರದ ಉಣ್ಣೆ ಗಿರಣಿಯನ್ನು ನಡೆಸುತ್ತಿದ್ದ ಸ್ಕಾಟ್ಲೆಂಡಿನವನು. ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ 1919ರಲ್ಲಿ ಮೊದಲ ಬಾರಿಗೆ ಹೆಂಗಸರನ್ನು ಫೆಲೋಗಳಾಗಿ ಸೇರಿಸಿಕೊಂಡಾಗ ಆ ಕೆಲವೇ ಹೆಸರುಗಳಲ್ಲಿ ರೇಚಲ್ ಹೆಸರೂ ಇತ್ತು. 1922ರಲ್ಲಿ ಗಂಡ ತೀರಿಕೊಂಡ. ಮೂವರು ಗಂಡುಮಕ್ಕಳು, ಮೂವರಿಗೂ ವಿಮಾನದ ಹುಚ್ಚು. ದೊಡ್ಡವನು 1938ರಲ್ಲಿ ವಿಮಾನ ಅಪಘಾತದಲ್ಲಿ ಸತ್ತ. ಉಳಿದಿಬ್ಬರು ಬ್ರಿಟಿಷ್ ವಾಯುಪಡೆಯಲ್ಲಿದ್ದು 1941ರ ಒಂದೇ ವರ್ಷದಲ್ಲಿ ಹೋದರು. ಆ ತಾಯಿ 25,000 ಪೌಂಡ್ ಕೊಟ್ಟು ವಾಯುಪಡೆಗೆ ಒಂದು ಬಾಂಬರ್ ವಿಮಾನ ಕೊಡಿಸಿದಳು. ಅದರ ಮೂತಿಯ ಮೇಲೆ ಬರೆಸಿದ್ದು 'ಮ್ಯಾಕ್‌ರಾಬರ್ಟ್ಸ್ ರಿಪ್ಲೈ', ಮ್ಯಾಕ್‌ರಾಬರ್ಟರ ಉತ್ತರ. ಕೂತು ಅಳದಿರುವ ವಿದ್ಯೆಯನ್ನು, ದೂರದಲ್ಲಿದ್ದ ತಾಯಿಯಿಂದ ಈ ಮಗಳು ಹೇಗೆ ಕಲಿತಳೋ.

ಇನ್ನೊಬ್ಬ ಸೈಕಲ್ ಹೆಂಗಸಿನ ಕಥೆಯನ್ನು ಇದರ ಪಕ್ಕದಲ್ಲಿಡಬೇಕು. ಇವಳ ಮಗಳ ಹೆಸರೂ ರೇಚಲ್ ಎನ್ನುವುದು ಬರೀ ಕಾಕತಾಳೀಯ.

ಡರ್ವ್ಲಾ ಮರ್ಫಿ ಐರ್ಲೆಂಡಿನ ಲಿಸ್ಮೋರ್ ಎಂಬ ಸಣ್ಣ ಊರಿನವಳು, 1931ರಲ್ಲಿ ಹುಟ್ಟಿದವಳು. ಹತ್ತನೆಯ ಹುಟ್ಟುಹಬ್ಬಕ್ಕೆ ಅವಳಿಗೆ ಸಿಕ್ಕಿದ್ದು ಒಂದು ಹಳೆಯ ಸೈಕಲ್, ಒಂದು ಅಟ್ಲಾಸ್. ಊರ ಹತ್ತಿರದ ಏರು ಹತ್ತುತ್ತಾ ತನ್ನ ಕಾಲುಗಳನ್ನು ನೋಡಿಕೊಂಡು, ಇವು ಹೀಗೇ ತಿರುಗುತ್ತಾ ಇದ್ದರೆ ಇಂಡಿಯಾ ಮುಟ್ಟಬಹುದಲ್ಲ ಎಂದು ಹುಡುಗಿ ಲೆಕ್ಕ ಹಾಕಿದಳು. ಆದರೆ ಅವಳ ತಾಯಿಗೆ ಕೀಲುಬೇನೆ, ಹಾಸಿಗೆ ಗಾಲಿಕುರ್ಚಿಗಳ ಬದುಕು. ಹದಿನಾಲ್ಕನೆಯ ವಯಸ್ಸಿಗೆ ಡರ್ವ್ಲಾ ಶಾಲೆ ಬಿಟ್ಟು ತಾಯಿಯ ಆರೈಕೆಗೆ ನಿಂತಳು. "ಮನೆಯಲ್ಲಿ ಯಾರು?" ಎಂಬುದಕ್ಕೆ ಹದಿನಾರು ವರ್ಷ ಅವಳೇ ಉತ್ತರ. ನಡುವೆ ಸಿಕ್ಕ ಬಿಡುವಿನಲ್ಲಿ ಯುರೋಪಿನ ಸಣ್ಣಪುಟ್ಟ ಸೈಕಲ್ ಪ್ರವಾಸ. ಹೋಗಿ ಬಾ ಎಂದು ಹುರಿದುಂಬಿಸಿ ಕಳಿಸುತ್ತಿದ್ದವಳು ಆ ರೋಗಿ ತಾಯಿಯೇ. 1962ರಲ್ಲಿ ತಾಯಿ ತೀರಿಕೊಂಡಳು. 1963ರ ಜನವರಿಯಲ್ಲಿ, ಯುರೋಪು ಹಿಮದಲ್ಲಿ ಹೂತುಹೋಗಿದ್ದ ಭಯಂಕರ ಚಳಿಗಾಲದಲ್ಲಿ, ಡರ್ವ್ಲಾ ಸೈಕಲ್ ಹತ್ತಿದಳು. ಸೈಕಲ್ಲಿನ ಹೆಸರು ರಾಜ್, ಡಾನ್ ಕ್ವಿಕ್ಸೋಟನ ಕುದುರೆ ರೋಸಿನಾಂಟೆಯ ಮುದ್ದಿನ ಹೆಸರು. ಏಷ್ಯಾದ ರಸ್ತೆಗೆ ತಡೆಯದೆಂದು ಅದರ ಗೇರುಗಳನ್ನು ಬಿಚ್ಚಿಸಿಬಿಟ್ಟಿದ್ದಳು. ಜುಲೈ ತಿಂಗಳಿಗೆ ದೆಹಲಿ. ಜೊತೆಗೆ ಯಾರು ಎಂದರೆ ಆ ಸೈಕಲ್, ಒಂದು ಪಿಸ್ತೂಲು.

1968ರಲ್ಲಿ ಡರ್ವ್ಲಾಗೆ ಮಗಳು ಹುಟ್ಟಿದಳು. ಮದುವೆಯಾಗದೆಯೇ ತಾಯಿಯಾದವಳು, ಆಗಿನ ಐರ್ಲೆಂಡಿನಲ್ಲಿ ಅದು ನಮ್ಮ ಊರುಗಳಷ್ಟೇ ಕಷ್ಟದ ಸಂಗತಿ. ಐದು ವರ್ಷ ಮನೆಯಲ್ಲಿ ಕೂತು ಮಗು ಸಾಕಿದಳು. 1973ರ ನವೆಂಬರಿನಲ್ಲಿ, ಐದರ ಹೊಸ್ತಿಲಲ್ಲಿದ್ದ ರೇಚಲ್‌ನ ಕೈ ಹಿಡಿದು ಮುಂಬಯಿಗೆ ಬಂದಿಳಿದಳು. ಈ ಸಲ ಸೈಕಲ್ ಇಲ್ಲ. ಪುಟ್ಟ ಮಗುವಿನ ನಡಿಗೆಗೆ, ಹಸಿವೆಗೆ, ನಿದ್ದೆಗೆ ಹೊಂದಿಕೊಂಡು ರೈಲು, ಬಸ್ಸು, ದೋಣಿ, ಕಾಲ್ನಡಿಗೆ. ಗೋವಾ ದಾಟಿ, ದಕ್ಷಿಣದಲ್ಲಿ ಕನ್ಯಾಕುಮಾರಿಯವರೆಗೆ ಹೋಗಿ, ಮನಸ್ಸಿಗೆ ಹಿಡಿಸಿದ ಕೊಡಗಿಗೆ ಮರಳಿ ಬಂದು ವಿರಾಜಪೇಟೆಯ ಹತ್ತಿರದ ದೇವಣಗೇರಿಯಲ್ಲಿ ಬಿಡಾರ ಹೂಡಿದರು. ರೈಲೇ ಇಲ್ಲದ ಜಿಲ್ಲೆಯಲ್ಲಿ ತಾಯಿಮಗಳ ರೈಲುಪ್ರಯಾಣ ನಿಂತಿತು! ಆ ತಿಂಗಳುಗಳ ಕಥೆ 'ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್' ಎಂಬ ಹೆಸರಿನಲ್ಲಿ 1976ರಲ್ಲಿ ಪುಸ್ತಕವಾಯಿತು. ಮಗು ಜೊತೆಗಿದ್ದರೆ ಪ್ರಯಾಣಕ್ಕೆ ತೊಡಕು ಎಂದು ನಾವೆಲ್ಲ ತಿಳಿದಿದ್ದರೆ, ಡರ್ವ್ಲಾಳ ಅನುಭವ ಬೇರೆ. ಒಂಟಿ ಪರದೇಶಿಗೆ ತೆರೆಯದ ಬಾಗಿಲುಗಳು ಮಗು ಎತ್ತಿಕೊಂಡವಳಿಗೆ ತೆರೆಯುತ್ತವೆ. ನಮ್ಮ ಯಾವ ಅಜ್ಜಿಯನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು.

ಮಗುವನ್ನು ಬಿಡಬೇಕೋ ಒಯ್ಯಬೇಕೋ ಎಂಬ ಈ ತಕರಾರಿಗೆ ಹಣವಿಲ್ಲದ ಹೆಂಗಸರು ಕಂಡುಕೊಂಡ ಉತ್ತರವೂ ಒಂದಿದೆ. 1991ರಿಂದ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಲಕ್ಷಕ್ಕೂ ಹೆಚ್ಚು ಹಳ್ಳಿ ಹೆಂಗಸರು ಕಲಿತರು, ಕೂಲಿಗಳು, ಕಲ್ಲುಕ್ವಾರಿಯವರು, ಅಂಗನವಾಡಿಯವರು. ಲೇಡೀಸ್ ಸೈಕಲ್ ಸಿಗದೆ ಜೆಂಟ್ಸ್ ಸೈಕಲ್ ಕೊಂಡರು. ಪತ್ರಕರ್ತ ಪಿ. ಸಾಯಿನಾಥರು ಹೋಗಿ ವಿಚಾರಿಸಿದಾಗ ಕೆಲವರು ಅದೇ ಒಳ್ಳೆಯದೆಂದರಂತೆ, ನಡುವಿನ ಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಲ್ಲ! ಹೆಂಗಸರ ಲಂಗಕ್ಕೆಂದು ನೂರು ವರ್ಷದ ಹಿಂದೆ ಬಗ್ಗಿಸಿದ ಕಂಬಿಯನ್ನು ಇವರು ಬೇಡವೆಂದು ಮತ್ತೆ ನೆಟ್ಟಗೆ ಮಾಡಿಕೊಂಡರು.

ಫ್ಯಾನಿ 1925ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡಳು. ತನ್ನ ದುಡ್ಡಿನಲ್ಲಿ 1,25,000 ಡಾಲರನ್ನು ನಾಲ್ಕು ಮಹಿಳಾ ಕಾಲೇಜುಗಳಿಗೆ ಬರೆದಿಟ್ಟಿದ್ದಳು. ಅವಳು ಶಿಖರಗಳಿಗೆ ಹೆಸರಿಡುತ್ತಾ ಓಡಾಡಿದ ಅದೇ ಕಾರಕೋರಂ ಸೀಮೆಗೆ, ಬಾಲ್ಟಿಸ್ತಾನಕ್ಕೆ, 1974ರ ಚಳಿಗಾಲದಲ್ಲಿ ಡರ್ವ್ಲಾ ಹೋದಳು. ಆರು ವರ್ಷದ ರೇಚಲ್ ಕುದುರೆಮರಿಯಂಥ ಒಂದು ಪೋನಿಯ ಮೇಲೆ, ತಾಯಿ ಪಕ್ಕದಲ್ಲಿ ನಡೆಯುತ್ತಾ. ಆಮೇಲೆ ಪೆರುವಿನಲ್ಲಿ ಹೇಸರಗತ್ತೆಯೊಂದಿಗೆ, ಮಗಳು ಹದಿಹರೆಯಕ್ಕೆ ಬಂದ ಮೇಲೆ ಕ್ಯಾಮರೂನಿನಲ್ಲಿ ಕುದುರೆಯೊಂದಿಗೆ. ಡರ್ವ್ಲಾ 2022ರ ಮೇ ತಿಂಗಳಲ್ಲಿ ಲಿಸ್ಮೋರಿನ ತನ್ನ ಮನೆಯಲ್ಲೇ, ತೊಂಬತ್ತು ತುಂಬಿದ ಮೇಲೆ ತೀರಿಕೊಂಡಳು. ಅದಕ್ಕೆ ಹದಿನೇಳು ವರ್ಷ ಮೊದಲು, 2005ರಲ್ಲಿ, ಕ್ಯೂಬಾ ನೋಡಲು ಹೋಗಿದ್ದಳು. ವಯಸ್ಸು ಎಪ್ಪತ್ತು ದಾಟಿತ್ತು. ಜೊತೆಗೆ ರೇಚಲ್, ರೇಚಲ್‌ನ ಮೂವರು ಪುಟ್ಟ ಹೆಣ್ಣುಮಕ್ಕಳು.